ಉಪ್ಪಿನ ಗಂಟು

ಪಕ್ಕದ ಜಲಜನ ಮನೆಯ ಅಡಿಗೆಕೋಣೆಯಿಂದ ಕಲ್ಲುಪ್ಪು ಹುರಿಯುವ ಸದ್ದು ಬಂತು. ಬಂಗುಡೆಯ ಹೊಟ್ಟೆ ಸೀಳುತ್ತಿದ್ದ ವನಜ ಕತ್ತಿಯನ್ನು ಹಾಗೇ ಹಿಡಿದು ಕಿವಿಗೊಟ್ಟಳು. ಉಪ್ಪು ಇನ್ನೂ ಹಸಿ. ಚಟಚಟ ನಿಂತು, ಮರಳು ಸರಿದ ಹಾಗೆ ಸರಸರ ಎನ್ನಬೇಕು, ಆಮೇಲೆ ಇಳಿಸಬೇಕು. ಅಲ್ಲಿ ಶಾಖ ಕೊಡಲು ಬಂದ ಸೀತುವಿಗೆ ಇದೆಲ್ಲ ಎಲ್ಲಿ ಗೊತ್ತು. ಅರ್ಧಕ್ಕೇ ಇಳಿಸಿದಳು, ಸದ್ದಿನಲ್ಲೇ ತಿಳಿಯಿತು. ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬಾಣಂತಿಯ ಸೊಂಟಕ್ಕಿಟ್ಟರೆ ಎರಡು ಸಲ ಒತ್ತುವುದರೊಳಗೆ ಆರಿ ತಣ್ಣಗಾಗುತ್ತದೆ. ಮರವಂತೆಯ ಈ ಕೇರಿಯಲ್ಲಿ ಹೆತ್ತವಳಿಗೆ ಶಾಖ ಕೊಡಲು ವನಜನನ್ನು ಬಿಟ್ಟು ಇನ್ನೊಬ್ಬರನ್ನು ಕರೆದದ್ದಿರಲಿಲ್ಲ. ಬುಟ್ಟಿ ಹೊತ್ತು ಮೀನು ಮಾರಿ ಬಂದ ಮೇಲೆ ಕೈಗೆ ಸೀಗೆ ತಿಕ್ಕಿ ತೊಳೆದು ಹೋಗುತ್ತಿದ್ದಳು. ಜಲಜನ ಮಗಳು ಹುಟ್ಟಿದಾಗಲೂ ಜಲಜನ ಬೆನ್ನಿಗೆ ಶಾಖ ಕೊಟ್ಟವಳು ಇವಳು. ಮೊನ್ನೆ ಆ ಮಗಳು ಹೆತ್ತು ತವರಿಗೆ ಬಂದಾಗ ಜಲಜ ಬೇಲಿಯ ಹತ್ತಿರ ನಿಂತು, ಇವಳ ಮುಖ ನೋಡದೆ, ಒಣಗಲು ಹಾಕಿದ ಬಟ್ಟೆಯನ್ನು ಸುಮ್ಮನೆ ಮಗುಚಿ ಹಾಕುತ್ತ ಹೇಳಿದ್ದಳು: "ನಿಂಗೆ ಮನೇಲಿ ಕಷ್ಟ ಇತ್ತಲ್ದಾ, ಮತ್ತೆ ತ್ರಾಸ್ ಕೊಡೂದ್ ಎಂತಕೆ ಅಂದ್ಕಂಡ್ ಸೀತುನ ಕರ್ದೆ." ಮಾತು ಬೆಣ್ಣೆಯ ಹಾಗಿತ್ತು. ವನಜ "ಒಳ್ಳೇದಾಯ್ತ್ ಬಿಡ್" ಎಂದು ಒಳಗೆ ಬಂದು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಿದ್ದಳು.

"ಅಮ್ಮ, ಇಲ್ಲಿ ಬಾ." ಮಗಳು ಅಮಿತಾ ಕೋಣೆಯ ಬಾಗಿಲಲ್ಲಿ ಬ್ಯಾಗು ಹೆಗಲಿಗೇರಿಸಿ ನಿಂತಿದ್ದಳು. ಬೈಂದೂರಿನ ಗಂಡನ ಮನೆಯಿಂದ ಬೆಳಿಗ್ಗೆ ಫೋನು ಬಂದಿತ್ತು, ಮಗುವಿಗೆ ಜ್ವರ. ಅಪ್ಪ ಆಸ್ಪತ್ರೆಯಿಂದ ಬಂದಂದಿನಿಂದ ಅವಳು ಇಲ್ಲೇ ಇದ್ದಳು. ಔಷಧಿಯೆಲ್ಲ ಅವಳದೇ ಕೈಯಲ್ಲಿ. ಕಪಾಟಿನ ಬೀಗದ ಕೈ ಅವಳ ಬ್ಯಾಗಿನಲ್ಲಿರುತ್ತಿತ್ತು, ಸ್ನಾನಕ್ಕೆ ಹೋಗುವಾಗಲೂ. ಈಗ ಆ ಕಪಾಟಿನಿಂದ ಒಂದೇ ಒಂದು ಲಕೋಟೆ ತೆಗೆದು, ಕೊಡುವ ಮೊದಲು ತಾಯಿಯ ಕೈ ನೋಡಿ, "ಕೈ ತೊಳ್ಕಂಡ್ ಬಾ" ಎಂದಳು. ವನಜ ತೊಳೆದುಕೊಂಡು ಬಂದಳು. ಲಕೋಟೆಯೊಳಗೆ ಅಂಟುಪಟ್ಟಿ, ಅಂಗೈಗಿಂತ ಚಿಕ್ಕದು, ಗಾಜಿನ ಹಾಗೆ ತೆಳ್ಳಗೆ. ನೋವಿನ ಔಷಧಿ ಚರ್ಮದೊಳಗೆ ನಿಧಾನಕ್ಕೆ ಇಳಿಯುವುದಂತೆ, ಒಂದು ಪಟ್ಟಿ ಮೂರು ದಿನ. ಹಳೆಯದರ ಅವಧಿ ಇವತ್ತು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು.

"ಎಲ್ಲಿ ಹಾಕುದ್, ಹೇಳ್ ಕಾಂಬ."

"ಎದಿಗೆ."

"ಯಾವ ಬದಿ?"

"ಹಳೇದ್ ಇಪ್ಪುದ್ ಎಡಕ್ಕೆ. ಇದ್ ಬಲಕ್ಕೆ."

"ಕತ್ತರಿ?"

ಹಗಲು ಮೀನು ಕುಯ್ಯುವ ಕೈ, ಸಂಜೆ ಈ ಮಗಳ ತಲೆ ಬಾಚಿದ ಕೈ, ಅದರಲ್ಲಿ ಲಕೋಟೆ ಹಿಡಿದು ವನಜ ಶಾಲೆಯ ಹುಡುಗಿಯ ಹಾಗೆ ನಿಂತಿದ್ದಳು. ಅಮಿತಾಳಿಗೂ ತಾನು ಕೇಳಿದ್ದು ಜಾಸ್ತಿಯಾಯಿತು ಅನ್ನಿಸಿರಬೇಕು. ತಾಯಿಯ ಸೆರಗಿನ ತುದಿ ಸರಿಮಾಡಿ, "ಸಂಜಿಗೆ ಬತ್ತೆ. ನೋವ್ ಜಾಸ್ತಿ ಆರೆ ಆಸ್ಪತ್ರಿಗೆ ಫೋನ್ ಮಾಡ್. ನಂಬ್ರ್ ಪೆಟ್ಟಿಗಿ ಮೇಲ್ ಇತ್ತ್. ಬಿಸಿ ಎಂತದೂ ಇಡೂಕಾಗ" ಎಂದು ಹೆದ್ದಾರಿಗೆ ಇಳಿದಳು. ಬಸ್ಸು ಬಂದು ನಿಂತು ಹೋದ ಸದ್ದು ಕೇಳಿಸಿತು. ಆಮೇಲೆ ಮನೆಯಲ್ಲಿ ಇಬ್ಬರೇ.

ಗಂಡ ನಾಗ ಕಿಟಕಿಯ ಪಕ್ಕದ ಮಂಚದಲ್ಲಿ ಎಡಮಗ್ಗುಲಾಗಿ ಮಲಗಿದ್ದ. ಎಷ್ಟೋ ವರ್ಷ ಗಂಗೊಳ್ಳಿಯ ಬೋಟುಗಳಲ್ಲಿ ಬಲೆ ಎಳೆದ ಮೈ. ಹೆಗಲು ಮಾತ್ರ ಹಾಗೇ ಉಳಿದಿತ್ತು, ಕೆಳಗೆ ಎಲ್ಲ ಬಸಿದು ಹೋಗಿತ್ತು. ಕ್ಯಾನ್ಸರ್ ಸೊಂಟದ ಮೂಳೆಗೆ ಇಳಿದಿದೆ, ಇನ್ನು ನೋವಿಗೆ ಮಾತ್ರ ಔಷಧಿ ಎಂದಿದ್ದರು ಡಾಕ್ಟರು. ಬಿಸಿಲು ಕಿಟಕಿಯ ಸರಳು ದಾಟಿ ಅವನ ಎದೆಯ ಹತ್ತಿರ ಬಂದಿತ್ತು. ವನಜ ಓಡಿಹೋಗಿ ಹಳೆಯ ಲುಂಗಿಯೊಂದನ್ನು ಕಿಟಕಿಗೆ ಕಟ್ಟಿದಳು. ಈಚೆಗೆ ಅವಳಿಗೆ ಬಿಸಿ ಎಂದರೇ ಹೆದರಿಕೆ. ಚಹಾ ಆರಿಸಿ ಕೊಡುತ್ತಿದ್ದಳು, ಮೈ ಒರೆಸುವ ನೀರನ್ನು ಮೊದಲು ತನ್ನ ಕುತ್ತಿಗೆಗೆ ಹಾಕಿ ನೋಡುತ್ತಿದ್ದಳು, ಕರೆಂಟು ಹೋಗಿ ಫ್ಯಾನು ನಿಂತರೆ ಬೀಸಣಿಗೆ ಹಿಡಿದು ಕೂರುತ್ತಿದ್ದಳು. ಬಿಸಿ ಹಾಲು ಕುಡಿದ ಬೆಕ್ಕು ಅಂತ ನಾಗನೇ ಒಂದು ದಿನ ನಕ್ಕಿದ್ದ. ಮೇ ತಿಂಗಳ ಸೆಕೆಯಲ್ಲಿ, ಒಂದು ಬದಿ ಕಡಲು ಒಂದು ಬದಿ ಹೊಳೆ ಇರುವ ಊರಿನಲ್ಲಿ ಕೂತು, ಬಿಸಿಯನ್ನು ಎಲ್ಲಿಂದ ಹೊರಗಿಡುವುದು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ನೊಣ ಓಡಿಸುವವಳ ಹಾಗೆ ಅವನ ಮೂಗಿನ ಹತ್ತಿರ ಕೈ ತಂದಳು.

"ಎಂತ, ಉಸಿರ್ ಇತ್ತಾ ಕಾಂಬುದಾ?" ಕಣ್ಣು ಮುಚ್ಚಿಕೊಂಡೇ ಕೇಳಿದ.

"ನೊಣ ಇದಿತ್."

"ನೊಣಕ್ಕೆ ಗೊತ್ತಾತ್ತ್ ಹೆಣೆ, ಯಾರ್ ಬದ್ಕಿದ್ರ್ ಯಾರ್ ಇಲ್ಲೆ ಅಂದೇಳಿ."

ಅವಳು ಕತ್ತರಿ ಹಿಡಿದ ಆ ದಿನವೂ ಹೀಗೇ ಸೆಕೆಯಿತ್ತು. ಪಟ್ಟಿ ಮೊದಲ ಸಲ ಕೊಟ್ಟಾಗ ಎಳೆಯ ಪ್ರಾಯದ ಡಾಕ್ಟರಮ್ಮ ಎಲ್ಲ ಹೇಳಿದ್ದಳು. ಎದೆಗೆ ಅಂಟಿಸಬೇಕು, ಕತ್ತರಿಸಬಾರದು, ಮೇಲೆ ಬಿಸಿ ತಾಗಿಸಬಾರದು. ಹೇಳಿರಲಿಲ್ಲ ಎಂದು ವನಜ ಯಾರ ಹತ್ತಿರವೂ ಸುಳ್ಳು ಹೇಳುವ ಹಾಗಿಲ್ಲ, ತನ್ನ ಹತ್ತಿರ ಕೂಡ. ಮಾತು ಕಿವಿಗೆ ಬಿದ್ದಿತ್ತು. ಗಿರಾಕಿ ಚೌಕಾಸಿ ಮಾಡುವಾಗ "ಹೌದ್ ಹೌದ್" ಎನ್ನುತ್ತ ಮೀನನ್ನು ತನ್ನ ಮನಸ್ಸಿಗೆ ಬಂದ ಹಾಗೆ ಪಾಲು ಹಾಕುತ್ತಾಳಲ್ಲ, ಹಾಗೆ ತಲೆಯಾಡಿಸಿದ್ದಳು. ಒಳಗೊಳಗೇ ನಗುವೂ ಬಂದಿತ್ತು. ನೋವು ಸೊಂಟದಲ್ಲಿ, ಪಟ್ಟಿ ಎದೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ಎಂದು ಊರಿಗೆ ಬಂದು ಜಲಜನಿಗೆ ಹೇಳಿ ಇಬ್ಬರೂ ನಕ್ಕಿದ್ದರು. ಮೊದಲ ಪಟ್ಟಿಯನ್ನು ಹೇಳಿದ ಹಾಗೆಯೇ ಹಾಕಿದಳು. ನೋವು ಇಳಿಯಿತು, ಆದರೆ ಪೂರ್ತಿ ಇಳಿಯಲಿಲ್ಲ. ಎರಡನೆಯ ಪಟ್ಟಿಯ ದಿನ ನಾಗ ಬೆಳಗಿನಿಂದ ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದ. ಇಷ್ಟು ಹೆಂಗಸರ ಬೆನ್ನಿನ ನೋವು ತೆಗೆದವಳಿಗೆ ಸ್ವಂತ ಗಂಡನ ನೋವು ಎಲ್ಲಿದೆ ಎಂದು ಗೊತ್ತಿಲ್ಲವೇ. ಬೆನ್ನುಹುರಿಯ ಎರಡು ಕಡೆಯೂ ಬೇಕಲ್ಲ ಎಂದು ಪಟ್ಟಿಯನ್ನು ಸರಿಯಾಗಿ ನಡುವೆ ಕತ್ತರಿಸಿದಳು. ಬಲೆಯ ದಾರ ಕತ್ತರಿಸುವ ಕತ್ತರಿ. ಅಂಚಿನಲ್ಲಿ ಏನೋ ಅಂಟಂಟು ಜಿನುಗಿತು, ಅದನ್ನೂ ವ್ಯರ್ಥ ಮಾಡದೆ ಬೆರಳಿನಿಂದ ಅವನ ಸೊಂಟಕ್ಕೇ ಸವರಿದಳು. ಮೇಲೆ ಉಪ್ಪಿನ ಗಂಟು. ಔಷಧಿ ಒಳಗೆ ಇಳಿಯಲಿ ಎಂದೇ ಬಿಸಿಯಾಗಿ, ಹದವಾಗಿ, ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಹಾಕಿ ಕೊಟ್ಟಳು. ಇಳಿಯಿತು.

ಅವಳನ್ನು ಈಗ ತಿನ್ನುತ್ತಿದ್ದದ್ದು ಕತ್ತರಿಸಿದ್ದಲ್ಲ. ಕತ್ತರಿಸಿದ್ದನ್ನು ಮೂರ್ಖತನ ಎನ್ನಬಹುದು, ಊರಿನಲ್ಲಿ ಮೂರ್ಖರಿಗೇನು ಬರವೇ. ತಿನ್ನುತ್ತಿದ್ದದ್ದು ಆಮೇಲಿನ ಮಧ್ಯಾಹ್ನ. ನಾಗನ ಹುಬ್ಬಿನ ಗಂಟು ಸಡಿಲಾಯಿತು. ಬಾಯಿ ಸ್ವಲ್ಪ ತೆರೆಯಿತು. "ಹೆಣೆ, ಹೋಯ್ತ್ ಕಾಣ್, ನೋವ್ ಹೋಯ್ತ್" ಎಂದು ಮಗುವಿನ ಹಾಗೆ ಹೇಳಿ ನಿದ್ದೆ ಹೋದ. ತಿಂಗಳುಗಟ್ಟಲೆ ಅವನು ಅಂಥ ನಿದ್ದೆ ಮಾಡಿರಲಿಲ್ಲ. ವನಜ ಅಂದು ಕುಳಿತು ಹೊಟ್ಟೆ ತುಂಬ ಗಂಜಿ ಉಂಡಳು, ಸುಟ್ಟ ಒಣಮೀನು ನೆಂಚಿಕೊಂಡು. ಬೇಲಿಯ ಹತ್ತಿರ ಹೋಗಿ ಜಲಜನನ್ನು ಕರೆದು, "ಕಾಣ್ ಬಾ, ಹ್ಯಾಂಗ್ ಮನಿಕಂಡಿದ್ರ್" ಎಂದು ಕಿಟಕಿಯಿಂದ ತೋರಿಸಿದಳು. "ನಿನ್ ಕೈಗುಣ ಮರಾಯ್ತಿ" ಎಂದಳು ಜಲಜ. ಆ ಮಾತಿನ ಖುಷಿಯಲ್ಲಿ ಹೊರಗಿನ ಜಗಲಿಯಲ್ಲಿ ಕಾಲು ಚಾಚಿ ಕೂತು ಕಡಲನ್ನು ನೋಡಿದಳು. ಕೊರೆತಕ್ಕೆ ಹಾಕಿದ ಕಲ್ಲುಗಳ ಮೇಲೆ ಅಲೆ ಬಂದು ಬಂದು ಹೋಗುತ್ತಿತ್ತು. ಒಳಗಿನಿಂದ ಗೊರಕೆ ಕೇಳುತ್ತಿತ್ತು. ಗೊರಕೆಯ ನಡುವೆ ತುಂಬ ಹೊತ್ತು ಏನೂ ಕೇಳದಿದ್ದಾಗ, ಪಾಪ ಗಾಢ ನಿದ್ದೆ ಎಂದುಕೊಂಡಳು. ಗಂಡ ಸಾಯುತ್ತಿದ್ದ ಅಷ್ಟು ಹೊತ್ತೂ ಅವಳು ಸಂತೋಷವಾಗಿದ್ದಳು. ಇದನ್ನು ಅವಳು ಮಗಳಿಗೆ ಹೇಳಿರಲಿಲ್ಲ. ಹೇಳಿದರೆ ಅರ್ಥವಾಗುವಂಥದ್ದೂ ಅಲ್ಲ.

ಅಮಿತಾ ಅಪ್ಪನಿಗೆಂದು ಮಾವಿನಹಣ್ಣು ಹಿಡಿದು ಅಂದು ಹೇಳದೆ ಕೇಳದೆ ಬಂದದ್ದರಿಂದ ಅವನು ಉಳಿದ. ಅವಳು ಕೋಣೆಗೆ ಹೋದವಳೇ ಕೂಗಿಕೊಂಡಳು. ಉಗುರು ನೀಲಿ. ಎಷ್ಟು ಅಲುಗಿಸಿದರೂ ಕಣ್ಣು ಬಿಡಲಿಲ್ಲ. ಆಂಬುಲೆನ್ಸಿನಲ್ಲಿ ಕುಂದಾಪುರಕ್ಕೆ ಹೋಗುವಾಗ ವನಜ ಅವನ ಪಾದ ಹಿಡಿದುಕೊಂಡಿದ್ದಳು. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರು, ಔಷಧಿಯನ್ನು ಮೈಯಿಂದ ಒಮ್ಮೆಗೇ ಇಳಿಸುವಂಥದ್ದು. ಅವನು ಎದ್ದ. ಎದ್ದದ್ದಲ್ಲ, ಚೀರಿದ. ತಿಂಗಳ ನೋವೆಲ್ಲ ಒಟ್ಟಿಗೆ ವಾಪಸು ಬಂದ ಹಾಗೆ ಚೀರಿದ, ಮಂಚದ ಕಬ್ಬಿಣ ಹಿಡಿದು. ಬದುಕಿದ್ದಾನೆ ಎಂದು ಅವಳಿಗೆ ಗೊತ್ತಾದದ್ದು ಆ ಚೀರಾಟದಿಂದ. ದಾದಿಯೊಬ್ಬಳು ಸೊಂಟದಿಂದ ಕಿತ್ತ ಎರಡು ತುಂಡುಗಳನ್ನು ತಟ್ಟೆಯಲ್ಲಿಟ್ಟು ಎಲ್ಲರ ಎದುರಿಗೆ, "ಇದನ್ನು ಕತ್ತರಿಸಿದ್ದು ಯಾರು?" ಎಂದು ಕೇಳಿದಳು. ಪಕ್ಕದ ಮಂಚದವರೂ ತಿರುಗಿ ನೋಡಿದರು. ವನಜನ ಸೆರಗಿನಲ್ಲಿ ಇನ್ನೂ ಉಪ್ಪಿನ ಪುಡಿ ಇತ್ತು. ಆಮೇಲೆ ಅಲ್ಲಿದ್ದಷ್ಟು ದಿನವೂ ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರು ನಕ್ಕರೂ ತನ್ನ ಮೇಲೆ ನಕ್ಕ ಹಾಗೆ. 'ಕತ್ತರಿಸಿದವಳು' ಎಂದು ಅವರಿಗೆಲ್ಲ ತನ್ನ ಮುಖ ಗುರುತಿದೆ.

"ವನಜ." ನಾಗ ಅಪರೂಪಕ್ಕೆ ಹೆಸರು ಹಿಡಿಯುತ್ತಿದ್ದ. ಜಲಜನ ಮನೆಯಿಂದ ಮಗುವಿನ ಅಳು ಬಂದು ನಿಂತಿತ್ತು. "ಅಮಿತಾ ಹೋಯ್ತಾ?"

"ಹೋಯ್ತ್. ಸಂಜಿಗೆ ಬತ್ತ್ ಅಂದ್."

ನಾಗನ ಬೆರಳುಗಳು ಚಾಪೆಯ ಅಂಚನ್ನು ಹಿಡಿದು ಬಿಟ್ಟು ಹಿಡಿದು ಮಾಡುತ್ತಿದ್ದವು. ಮೂರನೆಯ ದಿನ ಹೀಗೇ, ಪಟ್ಟಿ ಮುಗಿಯುವ ಹೊತ್ತಿಗೆ ನೋವು ಏರುತ್ತಿತ್ತು. "ಸೀತು ಉಪ್ಪ್ ಹುರೂದ್ ಕೇಂತ್. ಒಂದ್ ಸಲ ಆ ದಿನದ ಹಾಂಗೆ ಶಾಖ ಕೊಡ್ ಕಾಂಬ."

ಅವಳು ಪಕ್ಕದಲ್ಲಿದ್ದ ಬೀಸಣಿಗೆ ಎತ್ತಿಕೊಂಡಳು. ಬೀಸತೊಡಗಿದಳು. ಬೇರೆ ಯಾರಾದರೂ ಕೇಳಿದ್ದರೆ ಬೈದು ಹೊರಗೆ ಹಾಕುತ್ತಿದ್ದಳು. "ಅದ್ ಬ್ಯಾಡ" ಎಂದಳು.

"ನಂಗೆ ಬೇಕ್."

"ಡಾಕ್ಟ್ರ್ ಎಂತ ಹೇಳ್ರ್ ಅಂದ್ ಗೊತ್ತಿತ್ತಲ್ದಾ?"

"ಡಾಕ್ಟ್ರಿಗೆ ಸೊಂಟ ನೋಯ್ತಿಲ್ಲೆ."

ಇದು ಅವಳದೇ ಮಾತು. ಆ ದಿನ ಕತ್ತರಿ ಹುಡುಕುವಾಗ ಅವಳೇ ಆಡಿದ್ದು. ಎದ್ದು ಅಡಿಗೆಕೋಣೆಗೆ ಬಂದಳು. ಬಂಗುಡೆಗಳು ಅರ್ಧ ಸೀಳಿದ್ದು, ಅರ್ಧ ಇಡಿಯಾದದ್ದು, ಕಣ್ಣು ಬಿಟ್ಟುಕೊಂಡು ಬಿದ್ದಿದ್ದವು. ಯಾಕೆ ಬಂದೆ ಎಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ, ಆದರೆ ಕೈಗಳಿಗೆ ಗೊತ್ತಿತ್ತು. ಬಾಣಲೆ ಒಲೆಯ ಮೇಲೆ ಬಂತು, ಕಲ್ಲುಪ್ಪು ಬಾಣಲೆಗೆ ಬಂತು, ಗ್ಯಾಸು ಹತ್ತಿತು. ಪಟ್ಟಿ ಇರುವುದು ಎದೆಯಲ್ಲಿ. ಸೊಂಟಕ್ಕೆ ಬರೀ ಶಾಖ ಕೊಟ್ಟರೆ ಏನಾದೀತು? ಅಥವಾ ಹಳೆಯದನ್ನು ತೆಗೆದು, ಹೊಸದು ಹಾಕುವ ಮೊದಲು ಕೊಟ್ಟರೆ? ಆದರೆ ಹಳೆಯದನ್ನು ಕಿತ್ತರೂ ಔಷಧಿ ಮೈಯಲ್ಲಿ ಒಂದು ದಿನ ಇರುತ್ತದೆ, ಮೈ ಕಾದರೆ ಹೆಚ್ಚು ಎಳೆದುಕೊಳ್ಳುತ್ತದೆ ಎಂದು ಡಾಕ್ಟರಮ್ಮ ಎರಡನೆಯ ಸಲ ಹೇಳುವಾಗ ವನಜ ಪ್ರತಿ ಮಾತನ್ನೂ ಮನಸ್ಸಿಗೆ ಇಳಿಸಿಕೊಂಡಿದ್ದಳು. ಉಪ್ಪು ಚಟಚಟ ಎಂದಿತು. ತಾನು ಹೀಗೆ ದಾರಿ ಹುಡುಕುತ್ತಿರುವುದೇ ಅವಳಿಗೆ ಹೇಸಿಗೆಯೆನಿಸಿತು. ಆದರೂ ಸೌಟು ಆಡುತ್ತಿತ್ತು. ಅವನು ಕೇಳುತ್ತಿದ್ದಾನಲ್ಲ. ಆಗಿನದು ತನ್ನ ಅಹಂಕಾರ, ಈಗಿನದು ಅವನ ಆಸೆ. ಆ ಮಧ್ಯಾಹ್ನ ಅವನ ಹುಬ್ಬು ಸಡಿಲಾದದ್ದನ್ನು ಅವಳು ನೋಡಿದ್ದಾಳೆ, ಜಗತ್ತಿನಲ್ಲಿ ಇನ್ಯಾರೂ ನೋಡಿಲ್ಲ. ಅವನಿಗೆ ಬೇಕಾದದ್ದು ಆ ಸಡಿಲವೋ, ಅದರ ಆಚೆಗಿನದೋ? ಉಪ್ಪು ಸರಸರ ಎನ್ನತೊಡಗಿತು. ಹದಕ್ಕೆ ಬಂದಿತ್ತು. ಅವಳು ಸೌಟು ಬಿಟ್ಟು ಕೋಣೆಯ ಬಾಗಿಲಿಗೆ ಬಂದಳು.

"ಹ್ವಾಯ್, ನೀವ್ ಕೇಂಬುದ್ ಎಂತ? ಸಮಾ ಹೇಳಿ."

ನಾಗ ಕಣ್ಣು ತೆರೆದ. "ನೋವಿಲ್ದೆ ಇಪ್ಪುದ್."

"ಆ ದಿನ ನೀವ್ ಸಾಯ್ತಿದ್ರಿ. ನಾನ್ ಹೊರಗೆ ಕೂಕಂಡಿದ್ದೆ."

"ಸಾಯೂದ್ ನಂಗ್ ಗೊತ್ತಾಯ್ಲಿಲ್ಲೆ. ನೋವ್ ಹೋದ್ದ್ ಮಾತ್ರ ಗೊತ್ತಾಯ್ತ್." ಉಸಿರು ಎಳೆದುಕೊಂಡ. "ಸಾಯ್ಕ್ ಅಂದೇನೂ ಇಲ್ಲೆ ಹೆಣೆ. ಅಮಿತಾನ ಮಗು ಶಾಲಿಗೆ ಹೋಪುದ್ ಕಾಣ್ಕ್ ಅಂದ್ ಇತ್ತ್. ಆದ್ರೆ ಇದ್ ತಡಕಂಬ್ಕೆ ಆತಿಲ್ಲೆ. ಯಾರತ್ರ ಹೇಳುದ್? ನಿನ್ನತ್ರ ಹೇಳ್ರೆ ನೀನ್ ಅಳ್ತೆ."

ಅವಳು ಅಳಲಿಲ್ಲ. ಒಳಗೆ ಹೋಗಿ ಒಲೆ ಆರಿಸಿದಳು. ಬಾಣಲೆಯನ್ನು ನೆಲಕ್ಕಿಟ್ಟು ಅದರ ಎದುರಿಗೇ ಕೂತಳು. ಅವನು ನೋವನ್ನು ಹೀಗೆ ಮುಚ್ಚಿಟ್ಟುಕೊಂಡದ್ದು ಯಾಕೆ ಎಂದು ಆಗ ಅವಳಿಗೆ ಗೊತ್ತಾಯಿತು. ತನ್ನಿಂದ. ಆಸ್ಪತ್ರೆಗೆ ಫೋನು ಮಾಡುತ್ತೇನೆ ಎಂದು ಅಮಿತಾ ಎಷ್ಟೋ ಸಲ ಹೇಳಿದಾಗ "ಅಷ್ಟೆಂತ ಇಲ್ಲೆ, ಕಮ್ಮಿ ಇತ್ತ್" ಎಂದು ಅಡ್ಡ ಬಂದವಳು ತಾನು. ಅಲ್ಲಿಗೆ ಹೋದರೆ ಆ ದಾದಿ, ಆ ತಟ್ಟೆ, ಆ ಎರಡು ತುಂಡು. ತನ್ನ ಮುಖ ಉಳಿಸಿಕೊಳ್ಳಲು ಅವನ ನೋವನ್ನು ಮನೆಯೊಳಗೆ ಬಚ್ಚಿಟ್ಟಳು, ಅವನೂ ಅವಳಿಗಾಗಿ ಅದನ್ನು ಬಚ್ಚಿಟ್ಟ. ಆ ದಿನ ಕತ್ತರಿಯಲ್ಲಿ ಮಾಡಿದ್ದನ್ನು ಆಮೇಲೆ ದಿನವೂ ಬರಿಗೈಯಲ್ಲಿ ಮಾಡಿದ ಹಾಗಾಯಿತು. ಉಪ್ಪಿನಿಂದ ಬರುತ್ತಿದ್ದ ಕಾವು ಮುಖಕ್ಕೆ ತಾಗುತ್ತಿತ್ತು. ಅದು ಕಡಿಮೆಯಾಗುವವರೆಗೆ ಕೂತಳು. ಆಮೇಲೆ ಎದ್ದು ಪೆಟ್ಟಿಗೆಯ ಮೇಲಿನ ನಂಬರಿಗೆ ಫೋನು ಮಾಡಿದಳು.

ಎತ್ತಿದ್ದು ಹೆಂಗಸು. ಅದೇ ದಾದಿಯ ದನಿಯೇ, ಅಲ್ಲವೇ, ಗೊತ್ತಾಗಲಿಲ್ಲ. "ನಾನ್ ಮರವಂತೆ ವನಜ" ಎಂದಳು. ಆ ಕಡೆಯಿಂದ "ಯಾವ ವನಜ?" ಎಂದರು. "ಪಟ್ಟಿ... ಎರಡ್ ತುಂಡ್ ಮಾಡಿ..." "ಹಾಂ? ಪೇಷೆಂಟ್ ಹೆಸರು ಹೇಳಿ ಅಮ್ಮ." ಯಾರಿಗೂ ಅವಳ ನೆನಪಿರಲಿಲ್ಲ. ಇಷ್ಟು ದಿನ ಅವಳು ಹೆದರಿ ಬದುಕಿದ್ದು ಅಲ್ಲಿ ಇಲ್ಲವೇ ಇಲ್ಲದ ಆ 'ಕತ್ತರಿಸಿದವಳಿ'ಗೆ. ನಾಗನ ಹೆಸರು ಹೇಳಿದಳು, ಪಟ್ಟಿ ಮೂರನೆಯ ದಿನ ಸಾಲದಾಗುವುದನ್ನು ಹೇಳಿದಳು, ಅವನು ಚಾಪೆ ಹಿಡಿದು ಮಲಗುವುದನ್ನು ಹೇಳಿದಳು. ಫೋನು ಡಾಕ್ಟರಮ್ಮನ ಕೈಗೆ ಹೋಯಿತು. "ಇಷ್ಟು ದಿನ ಯಾಕೆ ಹೇಳಲಿಲ್ಲ? ಹೇಳಿದ್ದರೆ ಅವಾಗಲೇ ಸರಿಮಾಡಬಹುದಿತ್ತು" ಎಂದಳು ಆಕೆ. ಬೈದದ್ದಲ್ಲ, ಸುಮ್ಮನೆ ಕೇಳಿದ್ದು. "ಇವತ್ತಿನ ಪಟ್ಟಿ ಇಡಿಯಾಗಿ ಹಾಕಿ. ನಾಳೆ ಬೆಳಿಗ್ಗೆ ಕರೆದುಕೊಂಡು ಬನ್ನಿ, ನಾವೇ ನೋಡಿ ಹೆಚ್ಚು ಮಾಡುತ್ತೇವೆ. ನೀವಾಗಿ ಏನೂ ಮಾಡಬೇಡಿ." ವನಜ ಫೋನು ಇಟ್ಟ ಮೇಲೂ "ಆಯ್ತ್" ಎನ್ನುತ್ತಿದ್ದಳು. ಅವಾಗಲೇ ಸರಿಮಾಡಬಹುದಿತ್ತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೈ ತೊಳೆದುಕೊಂಡು ಬಂದು ಹಳೆಯ ಪಟ್ಟಿ ಕಿತ್ತಳು, ಅಂಟಿನ ಬದಿ ಒಳಗೆ ಬರುವ ಹಾಗೆ ಮಡಚಿ ಬೇರೆ ತೆಗೆದಿಟ್ಟಳು. ಬಲಗಡೆಯ ಎದೆ ಒರೆಸಿ, ಆರಲು ಬಿಟ್ಟು, ಹೊಸ ಪಟ್ಟಿ ಇಟ್ಟು ಅಂಗೈಯಿಂದ ಒತ್ತಿ ಹಿಡಿದಳು. ಅಂಗೈಯ ಕೆಳಗೆ ಅವನ ಎದೆ ಬಡಿದುಕೊಳ್ಳುತ್ತಿತ್ತು. "ನಾಳಿ ಬೆಳಿಗ್ಗೆ ಹೋಪ. ಅವ್ರೇ ಹೆಚ್ ಮಾಡ್ತ್ರಂಬ್ರ್. ಇವತ್ತ್ ಒಂದಿನ" ಎಂದಳು. ನಾಗ ತಲೆಯಾಡಿಸಿದ. ಇವತ್ತು ಒಂದು ದಿನ ಎಂದರೆ ಎಷ್ಟು ಉದ್ದ ಎಂದು ಇಬ್ಬರಿಗೂ ಗೊತ್ತಿತ್ತು.

"ಉಪ್ಪ್ ಹುರ್ದೆ ಅಲ್ದಾ, ಕೇಂಡಿತ್" ಎಂದ.

ಅವಳು ಅಡಿಗೆಕೋಣೆಗೆ ಹೋದಳು. ಬಾಣಲೆಯೊಳಗೆ ಕೈ ಅದ್ದಿ ನೋಡಿದಳು. ತಳದಲ್ಲಿ ಒಂಚೂರು ಬೆಚ್ಚಗಿತ್ತು. ಉಪ್ಪನ್ನು ಮೊರಕ್ಕೆ ಸುರಿದು, ಮನೆ ಹಿಂದಿನ ತೆಂಗಿನ ನೆರಳಿನಲ್ಲಿ ಹರಡಿ, ಹೊಳೆಯ ಕಡೆಯ ಗಾಳಿಗೆ ಹಿಡಿದಳು. ಬೇಲಿಯಾಚೆ ಸೀತು ಬಾಣಂತಿಯ ಹಂಡೆಗೆ ಸೌದೆ ಇಡುತ್ತಿದ್ದವಳು ನೋಡಿ, "ಎಂತ ವನಜಕ್ಕ, ಹುರ್ದ್ ಉಪ್ಪ್ ಆರ್ಸೂದಾ?" ಎಂದು ಕೇಳಿದಳು. "ಹೌದ್" ಎಂದಳು ವನಜ. ಸೀತುವಿನ ಮುಖದಲ್ಲಿ ನಗು ಬಂದು ಹೋಯಿತು. ನಗಲಿ. ಪೂರ್ತಿ ತಣ್ಣಗಾದ ಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ತನ್ನ ಕೆನ್ನೆಗೆ ಒತ್ತಿ ನೋಡಿ, ಒಳಗೆ ತಂದಳು.

ಸೊಂಟದ ಎಡಕ್ಕೆ ಇಟ್ಟು ಮೆಲ್ಲಗೆ ಒತ್ತಿದಳು, ಎತ್ತಿ ಬಲಕ್ಕೆ ಇಟ್ಟಳು. ಬಾಣಂತಿಯರಿಗೆ ಮಾಡುವ ಹಾಗೆಯೇ, ಅದೇ ಲಯದಲ್ಲಿ. ನಾಗ ಮೊದಲ ಸಲಕ್ಕೇ ಬೆಚ್ಚಿದ್ದು ಅವಳ ಕೈಗೆ ತಿಳಿಯಿತು. ಕಡಲಿನಲ್ಲಿ ಉಪ್ಪು ತಿಂದ ಮೈ, ಬಿಸಿಗೂ ತಣ್ಣಗಿನದಕ್ಕೂ ವ್ಯತ್ಯಾಸ ತಿಳಿಯದ ಮೈಯಲ್ಲ. ಅವಳು ತಲೆ ತಗ್ಗಿಸಿ ಒತ್ತುತ್ತಿದ್ದಳು. ಅವನು ಬೈಯಲಿ ಎಂದು ಕಾದಳು. ಬೈದರೆ ಕೇಳುವುದು, ಗಂಟು ಎಸೆದರೆ ಹೆಕ್ಕಿ ತಂದು ಮತ್ತೆ ಇಡುವುದು ಎಂದು ಗಟ್ಟಿಮಾಡಿಕೊಂಡಳು. ಹೆದ್ದಾರಿಯಲ್ಲಿ ಬಸ್ಸೊಂದು ಹಾರ್ನು ಹಾಕಿಕೊಂಡು ಕುಂದಾಪುರದ ಕಡೆ ಹೋಯಿತು.

"ಸಾಕಾ?" ಎಂದು ಕೇಳಿದಳು ಕೊನೆಗೆ.

"ಇನ್ನೊಂಚೂರ್ ಕೊಡ್" ಎಂದ ನಾಗ, ಗೋಡೆಯ ಕಡೆ ಮುಖ ಮಾಡಿಕೊಂಡು. "ಬಿಸಿ ಹದ ಇತ್ತ್."